ಮೂರನೇ ಹಾಡಿನ ಅಳತೆ

ಹಿತ್ತಲಬಾಗಿಲು ಅನ್ನುವ ನಮ್ಮೂರಿನ ಬ್ಯಾಂಡಿನವರು ತಮ್ಮ ಹಳೇ ಹಾಡುಗಳನ್ನೆಲ್ಲ ರೀಮಿಕ್ಸ್ ಮಾಡಿ ಹೊಸ ಆಲ್ಬಂ ತರುತ್ತಾರಂತೆ ಅಂತ ಪೋಸ್ಟರ್ ಬಿದ್ದ ದಿನ ನನ್ನ ಅಂಗಡಿಯಲ್ಲಿ ಒಂದು ಗುಂಡಿ ಹೊಲಿಯುವಷ್ಟೂ ಕೆಲಸ ಸಾಗಲಿಲ್ಲ. ಹೆಂಗಸರ ಹೊಲಿಗೆ ಅಂಗಡಿ ಅಂದರೆ ಹಾಗೇ. ರವಿಕೆ ಅಳತೆ ಕೊಡೋಕೆ ಬಂದವರು ಊರಿನ ಸುದ್ದಿಯನ್ನೆಲ್ಲ ಕಕ್ಕಿಯೇ ಹೋಗುವುದು. ನನಗೆ ಅವತ್ತು ಯಾರ ಮಾತೂ ಬೇಕಿರಲಿಲ್ಲ, ಆದರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಬಂದದ್ದು ವಿಶಾಲಾಕ್ಷಿ ಟೀಚರ್. ನಿವೃತ್ತಿಯಾಗಿ ನಾಲ್ಕು ವರ್ಷ ಆಯಿತು. "ಬೇಗ ಬರಲಿ ಕಣೇ ಚಂಪಾ, ನನಗಂತೂ ಸಾಕಾಗಿ ಹೋಗಿದೆ. ಆ ಮೂರನೇ ಹಾಡು ಬಂತು ಅಂದ್ರೆ ಪಕ್ಕದಲ್ಲಿ ಯಾರಿದ್ದಾರೋ ಅವರ ಕೈ ಹಿಡ್ಕೊಂಡು ಅಂಗೈಗೆ ಹೊಡೀತೀನಿ. ಮೊನ್ನೆ ಬ್ಯಾಂಕಿನಲ್ಲಿ ಮ್ಯಾನೇಜರಿಗೇ ಹೊಡೆದುಬಿಟ್ಟೆ. ಪಾಪ, ಇನ್ನೂ ಚಿಕ್ಕವನು, 'ಪರವಾಗಿಲ್ಲ ಮೇಡಂ' ಅಂದ." ಪಕ್ಕದ ಕ್ಷೌರದಂಗಡಿಯ ಮುನಿಸ್ವಾಮಿ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಮೈಯೆಲ್ಲ ಉರಿ. "ಅದನ್ಯಾಕೆ ಮುಟ್ಟಬೇಕು ಅಂತೀನಿ. ಚೆನ್ನಾಗಿರೋದನ್ನ ಕೆಡಿಸೋಕೆ ಅಂತಲೇ ಹುಟ್ಟಿದಾನೆ ಆ ಸೌಂಡ್ ಸಿಸ್ಟಂ ಫೆಲಿಕ್ಸು. ದಿನಕ್ಕೆ ಎರಡು ಸಲ ಆ ಹಾಡು ಬಂದ್ರೆ ಎರಡು ಸಲ ನಾನು ಕೂತು ಟೀ ಕುಡೀತೀನಿ. ಲೋಟ ಇರೋದಿಲ್ಲ ನಿಜ, ಆದ್ರೆ ಕೂರ್ತೀನಲ್ಲ. ಗಿರಾಕಿ ಅರ್ಧ ಗಡ್ಡ ಹಿಡ್ಕೊಂಡು ಕಾಯ್ತಾನೆ, ಒಂದು ಮಾತು ಆಡೋ ಹಾಗಿಲ್ಲ. ನನ್ನ ಜೀವನದಲ್ಲಿ ಇರೋ ವಿಶ್ರಾಂತಿ ಅದೊಂದೇ."

ನಮ್ಮೂರಿನ ಹಾಡುಗಳು ಅಂಟುತ್ತವೆ. ಒಂದು ಹಾಡನ್ನು ಮೊಟ್ಟಮೊದಲು ಕೇಳುವಾಗ ನೀವು ಏನು ಮಾಡುತ್ತಿರುತ್ತೀರೋ, ಆಮೇಲೆ ಆ ಹಾಡು ಬಂದಾಗೆಲ್ಲ ನಿಮ್ಮ ಮೈ ಅದನ್ನೇ ಮಾಡುತ್ತದೆ. ಮನಸ್ಸು ಮಾಡುವುದಿಲ್ಲ, ಮೈ ಮಾಡುತ್ತದೆ. ಕೈ, ಕಾಲು, ನಾಲಿಗೆ. ಅದಕ್ಕೇ ಹೊಸ ಹಾಡು ಬಂದರೆ ನಾವು ಸುಮ್ಮನೆ ಕೇಳುವುದಿಲ್ಲ. ದಿನ ಗೊತ್ತು ಮಾಡುತ್ತೇವೆ. ಅದಕ್ಕೆ ಕೂರುವ ದಿನ ಅನ್ನುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಊರಿಗೆ ಊರೇ ತಿಂಡಿ ತಿಂದು, ಒಲೆ ಆರಿಸಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ಮುಚ್ಚಿ ಕೂರುತ್ತದೆ. ಆಗ ಫೆಲಿಕ್ಸ್ ತನ್ನ ಸೌಂಡ್ ಸಿಸ್ಟಂ ಅಂಗಡಿಯಿಂದ ಮೈಕಿನಲ್ಲಿ ಹಾಡು ಹಾಕುತ್ತಾನೆ. ಹಾಗೆ ಕೇಳಿದ ಹಾಡು ಬರೀ ಕೂರಿಸುತ್ತದೆ, ಯಾರಿಗೂ ತೊಂದರೆ ಇಲ್ಲ. ಕೆಲವು ಚಾಲಾಕಿ ಹೆಂಗಸರು ಅವತ್ತು ಬೇಕೆಂದೇ ಅಕ್ಕಿ ಆರಿಸುತ್ತಾ ಕೂರುವುದೂ ಉಂಟು, ಆಮೇಲೆ ಹಾಡು ಹಾಕಿಕೊಂಡರೆ ಕೆಲಸ ತಾನಾಗಿ ಆಗುತ್ತದೆ ಅಂತ.

ಬ್ಯಾಂಡಿನವರ ಮೂರನೇ ಹಾಡು ಮಾತ್ರ ಹಾಗೆ ಬರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಕೂರುವ ದಿನಕ್ಕೆ ಇನ್ನೂ ಮೂರು ದಿನ ಇರುವಾಗ, ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಇದೇ ಫೆಲಿಕ್ಸ್ ಕ್ಯಾಸೆಟ್ ಸರಿ ಇದೆಯಾ ನೋಡೋಣ ಅಂತ ಅಂಗಡಿಯಲ್ಲಿ ಹಾಕಿದ್ದಾನೆ. ಮೈಕಿನ ವೈರು ತೆಗೆದಿದ್ದೇನೆ ಅಂದುಕೊಂಡಿದ್ದಾನೆ. ತೆಗೆದಿರಲಿಲ್ಲ. ಗುರುವಾರ ನಾಲ್ಕೂಕಾಲಿಗೆ ಮೂರನೇ ಹಾಡು ಊರಿನ ಮೇಲೆ ಬಿತ್ತು. ಯಾರು ಏನು ಮಾಡುತ್ತಿದ್ದರೋ ಅದಕ್ಕೇ ಅಂಟಿತು. ನಾಲ್ಕೂಕಾಲು ಅಂದರೆ ಅರ್ಧ ಊರು ಕಾಫಿ ಕುಡಿಯುವ ಹೊತ್ತು, ಹಾಗಾಗಿ ಅರ್ಧ ಊರಿಗೆ ಆ ಹಾಡು ಅಂದರೆ ಪ್ರಾಣ. ಮದುವೆಯಲ್ಲಿ ತಾಳಿ ಕಟ್ಟಿದ ಮೇಲೆ ಅದನ್ನು ಹಾಕದಿದ್ದರೆ ಮದುವೆ ಮುಗಿಯಿತು ಅಂತ ಯಾರಿಗೂ ಅನ್ನಿಸುವುದಿಲ್ಲ. ಉಳಿದರ್ಧ ಊರು ಹಲ್ಲು ಕಚ್ಚಿಕೊಂಡು ಇದೆ. ಫೆಲಿಕ್ಸ್ ಕೂಡ ಅವತ್ತು ಸ್ವಿಚ್ ಆರಿಸಲು ಓಡಿ ಎಡವಿ ಬಿದ್ದಿದ್ದ. ಈಗಲೂ ಆ ಹಾಡು ಬಂದರೆ ಓಡುತ್ತಾನೆ, ಬೀಳುತ್ತಾನೆ. ನನಗೆ ಮೊದಮೊದಲು ಅದನ್ನು ನೋಡಿ ಸಮಾಧಾನವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಗುರುವಾರ ನಾಲ್ಕೂಕಾಲಿಗೆ ನಾನೂ ನನ್ನ ತಂಗಿ ಕುಸುಮಾಳೂ ಜಗಳ ಆಡುತ್ತಿದ್ದೆವು.

ನಮ್ಮಮ್ಮ ಕುಸುಮಾಳನ್ನು ಹೆತ್ತ ಮೂರನೇ ದಿನ ಹೋದಳು. ನನಗಾಗ ಒಂಬತ್ತು. ಅಪ್ಪ ಹೆಸರಿಗೆ ಇದ್ದ. ಕೂಸನ್ನು ಎತ್ತಿ ಆಡಿಸಿದ್ದು, ಹಾಲು ಕುಡಿಸಿದ್ದು, ಜಡೆ ಹಾಕಿದ್ದು, ಕಡೆಗೆ ಮದುವೆ ಮಾಡಿ ಕಳಿಸಿದ್ದು ಎಲ್ಲ ನಾನೇ. ಅಮ್ಮನದು ಅಂತ ಮನೆಯಲ್ಲಿ ಉಳಿದಿದ್ದು ಒಂದು ಹಸಿರು ರೇಷ್ಮೆ ಸೀರೆ. ಕುಸುಮಾ ನನ್ನನ್ನು ಕೇಳದೆ ಅದಕ್ಕೆ ಕತ್ತರಿ ಹಾಕಿ ತನ್ನ ಮೂರು ವರ್ಷದ ಮಗಳು ಹರಿಣಿಗೆ ಲಂಗ ಕತ್ತರಿಸಿಬಿಟ್ಟಿದ್ದಳು, ಅದೂ ಅಡ್ಡಾದಿಡ್ಡಿಯಾಗಿ. ನಾನು ಕೂಗಾಡಿದೆ. ಅವಳೂ ಬಿಡಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮೇಲಿಂದ ಹಾಡು ಬಂತು, ಇಬ್ಬರಿಗೂ ನಿಲ್ಲಿಸಬೇಕು ಅಂತ ಹೊಳೆಯಲಿಲ್ಲ. ಹಾಡಿನ ಮಧ್ಯೆ ನಾನು ಅಂದೆ: "ನೀನು ಹುಟ್ಟದೆ ಹೋಗಿದ್ರೆ ಅಮ್ಮ ಇವತ್ತಿಗೂ ಇರ್ತಿದ್ಲು." ಹಾಡಿನ ಕೊನೆಗೆ ಅವಳು ಅಂದಳು: "ನೀನು ನನ್ನ ಸಾಕಿದ್ದು ಪ್ರೀತಿಗಲ್ಲ, ಜನರ ಬಾಯಿಗೆ ಹೆದರಿ."

ಕೋಪ ಅನ್ನುವುದು ಎರಡು ದಿನದಲ್ಲಿ ಇಳಿಯಿತು. ಹಾಡು ಇಳಿಯಲಿಲ್ಲ. ಶನಿವಾರ ನಾನೇ ಸೋತು ಅವಳ ಮನೆಗೆ ಹೋದೆ, ಹೊಸಿಲು ದಾಟುವಷ್ಟರಲ್ಲಿ ಎದುರಿನ ಹೋಟೆಲಿನಲ್ಲಿ ಮೂರನೇ ಹಾಡು ಹಾಕಿದರು. ಶುರುವಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಮತ್ತೆ ಜಗಳ. ಮುಂದಿನ ವಾರ ಅವಳು ಬಂದಳು, ಅವತ್ತು ಯಾರದೋ ಮನೆ ನಾಮಕರಣ. ನಾಲ್ಕನೇ ಸಲ ಆದ ಮೇಲೆ ಇಬ್ಬರೂ ಕೈಬಿಟ್ಟೆವು. ಎರಡು ಬೀದಿ ಆಚೆ ಅವಳ ಮನೆ. ಹಾಡು ಬಂದಾಗ ನಾನು ಹೊಲಿಗೆ ಮಿಷನ್ನಿಗೆ ಆ ಮಾತು ಹೇಳುತ್ತೇನೆ, ಅವಳು ಅಡುಗೆಮನೆ ಗೋಡೆಗೆ ತನ್ನ ಮಾತು ಹೇಳುತ್ತಾಳಂತೆ. ಒಂದೇ ಸಲ ಆಡಬೇಕಾಗಿದ್ದ ಮಾತು. ಒಂದು ಸಲವೂ ಆಡಬಾರದಾಗಿದ್ದ ಮಾತು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಆಡಿದ್ದೇನೋ ದೇವರೇ ಬಲ್ಲ.

ಹಾಗಂತ ನಾವು ಭೇಟಿಯೇ ಆಗುವುದಿಲ್ಲ ಅಂತಲ್ಲ. ಕರೆಂಟ್ ಹೋದಾಗ ಆಗುತ್ತೇವೆ. ಫ್ಯಾನು ನಿಂತ ಕೂಡಲೇ ಇಬ್ಬರಲ್ಲಿ ಒಬ್ಬಳು ಚಪ್ಪಲಿ ಮೆಟ್ಟಿ ಹೊರಡುವುದು. ಉಪ್ಪಿನಕಾಯಿ, ಹರಿಣಿಯ ಓದು, ಮೊಣಕಾಲು ನೋವು, ಎಲ್ಲ ಮಾತಾಡುತ್ತೇವೆ. ಆ ಒಂದು ಮಾತು ಮಾತ್ರ ಎತ್ತುವುದಿಲ್ಲ. ಎತ್ತಿದ ಹೊತ್ತಿಗೇ ಕರೆಂಟ್ ಬಂದು ಎಲ್ಲಿಂದಲೋ ಹಾಡು ಶುರುವಾಗಿಬಿಟ್ಟರೆ? ಕ್ಷಮೆ ಕೇಳಲು ಬಾಯಿ ತೆರೆದವಳ ಬಾಯಿಂದ ಮತ್ತೆ ಅದೇ ಬಂದರೆ? ಅಷ್ಟು ಧೈರ್ಯ ನನಗಿರಲಿಲ್ಲ.

ಈಗ ಹರಿಣಿಗೆ ಮದುವೆ ಗೊತ್ತಾಗಿತ್ತು. ಅವಳೇ ಧಾರೆ ಸೀರೆಯ ರವಿಕೆ ಬಟ್ಟೆ ತಂದು ನನ್ನ ಮೇಜಿನ ಮೇಲಿಟ್ಟಳು. "ದೊಡ್ಡಮ್ಮ, ನೀವು ಬರಲೇಬೇಕು. ನೀವು ಬರ್ದೆ ಹೋದ್ರೆ ನಾನು ಈ ರವಿಕೆ ಹಾಕ್ಕೊಳ್ಳಲ್ಲ."

"ಮೂರನೇ ಹಾಡು ಹಾಕಲ್ಲ ಅಂತ ನಿನ್ನ ಮಾವನ ಕೈಲಿ ಹೇಳಿಸು, ಬರ್ತೀನಿ."

ಅವಳ ಮಾವ ಆಗುವವರು ಶಂಭುಲಿಂಗಪ್ಪ. ಆ ಗುರುವಾರ ಅವರು ಕಾಮಾಲೆಯಲ್ಲಿ ಒಂದೂವರೆ ತಿಂಗಳು ಮಲಗಿದ್ದವರು ಮೊದಲ ಸಲ ಎದ್ದು ನಿಂತಿದ್ದರು, ಆ ಹೊತ್ತಿಗೇ ಹಾಡು ಬಂದಿತ್ತು. ಅಂದಿನಿಂದ ಅದು ಬಂದಾಗೆಲ್ಲ ಎಲ್ಲಿದ್ದರೂ ಎದ್ದು ನಿಲ್ಲುತ್ತಾರೆ, ಮುಖ ಅರಳಿರುತ್ತದೆ. ಅಂಥವರಿಗೆ ನಿಮ್ಮ ಮಗನ ಮದುವೆಯಲ್ಲಿ ಆ ಹಾಡು ಬೇಡ ಅಂತ ಯಾವ ಬಾಯಲ್ಲಿ ಹೇಳುವುದು? ಊರಿನ ಎಷ್ಟೋ ಮದುಮಗಳಂದಿರಿಗೆ ರವಿಕೆ ಹೊಲಿದಿದ್ದೇನೆ, ನನ್ನ ಕೂಸಿನ ಕೂಸು ತಾಳಿ ಕಟ್ಟಿಸಿಕೊಳ್ಳುವಾಗ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕು. ಹೋದರೆ ತುಂಬಿದ ಛತ್ರದಲ್ಲಿ, ಅಕ್ಷತೆ ಬಿದ್ದ ಕೂಡಲೇ, ಮದುಮಗಳ ತಾಯಿಯನ್ನು ನೋಡಿ ನೀನು ಹುಟ್ಟಬಾರದಿತ್ತು ಅನ್ನಬೇಕು.

ಅದಕ್ಕೇ ನಾನು ರೀಮಿಕ್ಸಿನ ಸುದ್ದಿಗೆ ಕಿವಿ ಕೊಟ್ಟಿದ್ದು. ಅದು ಹಳೇ ಹಾಡೋ ಹೊಸ ಹಾಡೋ? ಹಳೇದಾದರೆ ಹಳೇ ಜಗಳವನ್ನೇ ಹೊತ್ತು ತರುತ್ತದೆ. ಹೊಸದಾದರೆ ತೊಡೆ ಮೇಲೆ ಕೈಯಿಟ್ಟು ಕೂತು ಕೇಳಿಸಿಕೊಂಡು, ಮದುವೆಯಲ್ಲಿ ಅದನ್ನೇ ಹಾಕಿ ಅಂತ ಕೇಳಬಹುದು. ಊರಿನಲ್ಲಿ ಇದೇ ಚರ್ಚೆ. ಹಾಡಿದ ಗಂಟಲು ಅದೇ ತಾನೇ ಅಂತ ಕೆಲವರು, ತಮಟೆ ಬೇರೆ ಅಂದ ಮೇಲೆ ಹಾಡೂ ಬೇರೆ ಅಂತ ಕೆಲವರು. ಒಬ್ಬರೂ ಇನ್ನೂ ಕೇಳಿರಲಿಲ್ಲ, ಆದರೂ ಎಲ್ಲರಿಗೂ ಅಭಿಪ್ರಾಯ ಇತ್ತು. ನಾನು ನೇರವಾಗಿ ಫೆಲಿಕ್ಸನ ಅಂಗಡಿಗೇ ಹೋದೆ.

"ನನ್ನ ಕೇಳಬೇಡಿ ಚಂಪಕ್ಕ," ಅಂದ. ತಲೆಯೆಲ್ಲ ನೆರೆತಿತ್ತು. "ಮಾಡುವಾಗ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ತುಂಡು ತುಂಡಾಗಿ ಕೇಳಿದೀನಿ, ಇಡೀ ಹಾಡನ್ನ ಒಂದ್ಸಲವೂ ಕೇಳಿಲ್ಲ. ತುಂಡು ಅಂಟಲ್ಲ. ಭಾನುವಾರ ಕೂರುವ ದಿನ ನಿಮ್ಮ ಜೊತೆಗೇ ನನಗೂ ಗೊತ್ತಾಗಬೇಕು." ಆಮೇಲೆ ನನ್ನ ಮುಖ ನೋಡದೆ, ವೈರು ಸುತ್ತುತ್ತಾ ಹೇಳಿದ: "ಆ ಗುರುವಾರದ್ದು ನಾನು ಮರೆತಿಲ್ಲ. ಇದನ್ನ ಮಾಡಿದ್ದೂ ಅದಕ್ಕೇ ಅಂತ ಇಟ್ಕೊಳ್ಳಿ."

ಶನಿವಾರ ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು. ಐದೇ ನಿಮಿಷದಲ್ಲಿ ಕುಸುಮಾ ಬಂದಳು, ಬಿಸಿಲಿಗೆ ಸೆರಗು ತಲೆ ಮೇಲೆ, ಕಂಕುಳಲ್ಲಿ ಒಂದು ಬಟ್ಟೆ ಗಂಟು. "ನನಗೂ ಒಂದು ರವಿಕೆ ಹೊಲಿದುಕೊಡು ಅಕ್ಕ. ಬೀಗರ ಮುಂದೆ ಹಳೇದು ಹಾಕ್ಕೊಂಡು ನಿಂತ್ರೆ ಚೆನ್ನಾಗಿರಲ್ಲ." ಗಂಟು ಬಿಚ್ಚಿದರೆ ಹಸಿರು ರೇಷ್ಮೆ. ಅದೇ ಸೀರೆ, ಲಂಗಕ್ಕೆ ಕತ್ತರಿಸಿ ಉಳಿದಿದ್ದ ತುಂಡು. ಹತ್ತೊಂಬತ್ತು ವರ್ಷ ಬೇವಿನೆಲೆ ಹಾಕಿ ಮಡಿಸಿಟ್ಟಿದ್ದಳು. ನಾನು ಬಟ್ಟೆ ಸಾಲುತ್ತದೋ ಇಲ್ಲವೋ ಅಂತ ಉದ್ದ ಅಗಲ ನೋಡಿ, ಟೇಪು ತೆಗೆದುಕೊಂಡು, "ಕೈ ಎತ್ತು," ಅಂದೆ.

ಅವಳು ಎರಡೂ ಕೈ ಮೇಲೆತ್ತಿದಳು. ನಾನು ಟೇಪನ್ನು ಅವಳ ಬೆನ್ನ ಹಿಂದಿನಿಂದ ಸುತ್ತಿ ಮುಂದಕ್ಕೆ ತರುತ್ತಿದ್ದೆ. ಆಗ ಶುರುವಾಯಿತು.

ಮೊದಲು ಬರೀ ತಾಳ. ಕರೆಂಟ್ ಇಲ್ಲದ ಊರಿನಲ್ಲಿ ಮೈಕಿನಿಂದ ತಾಳ. ಆಮೇಲೆ ತಿಳಿದಿದ್ದು ಇಷ್ಟು: ನಾಳೆಗೆ ಅಂತ ಫೆಲಿಕ್ಸ್ ಜನರೇಟರ್ ಪರೀಕ್ಷೆ ಮಾಡುತ್ತಿದ್ದ. ಕರೆಂಟ್ ಇಲ್ಲವಲ್ಲ, ಮೈಕು ಹೇಗೆ ಕೂಗೀತು ಅಂದುಕೊಂಡು ಮೂರನೇ ಹಾಡಿನ ರೀಮಿಕ್ಸ್ ಹಾಕಿ ನೋಡಿದ. ಮೈಕಿನ ವೈರನ್ನು ಜನರೇಟರಿಗೇ ಕೊಟ್ಟಿದ್ದೇನೆ ಅನ್ನುವುದನ್ನು ಮರೆತಿದ್ದ. ಒಬ್ಬನೇ ಮನುಷ್ಯ, ಒಂದೇ ತಪ್ಪು, ಎರಡು ಸಲ. ಇಂಥವನನ್ನು ಏನು ಮಾಡಬೇಕು ಹೇಳಿ.

ತಾಳದ ಮೇಲೆ ಆ ಹಳೇ ಗಂಟಲು ಎದ್ದಿತು. ಕುಸುಮಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ನಾನು ಹಲ್ಲು ಕಚ್ಚಿದೆ. ಈಗ ಬರುತ್ತದೆ, ಈ ಸಾಲು ಆದ ಮೇಲೆ ಬಂದೇ ಬರುತ್ತದೆ ಅಂತ ಕಾಯ್ದೆ. ಆ ಸಾಲು ಬಂತು, ಹೋಯಿತು. ನಾಲಿಗೆ ಅಲುಗಲಿಲ್ಲ. ಇನ್ನೊಂದು ಸಾಲೂ ಹೋಯಿತು. ನನ್ನ ಬಾಯಿ ನನ್ನದಾಗಿಯೇ ಇತ್ತು.

ಇದು ಹೊಸ ಹಾಡು. ಅಯ್ಯೋ, ಹಾಗಾದರೆ ಈಗ ಅಂಟುತ್ತಿದೆ, ಈ ಗಳಿಗೆಯಲ್ಲೇ. ಈಗ ನಾವು ಏನು ಮಾಡುತ್ತೇವೋ ಅದೇ ಜೀವಮಾನಕ್ಕೆ. ಸುಮ್ಮನೆ ನಿಲ್ಲಬಹುದಿತ್ತು, ಬುದ್ಧಿ ಇರುವವರು ಹಾಗೇ ಮಾಡುತ್ತಿದ್ದರು. ನಾನು ಟೇಪು ಬಿಡದೆ, ಅವಳ ಸೊಂಟದ ಹತ್ತಿರ ಬಗ್ಗಿಕೊಂಡೇ ಹೇಳಿದೆ: "ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೇ ಕುಸುಮಾ. ಅಮ್ಮ ಹೋದ ದಿನ ನಿನ್ನ ತಂದು ನನ್ನ ಮಡಿಲಿಗೆ ಹಾಕಿದ್ರು. ನೀನು ನನ್ನ ಬೆರಳು ಹಿಡ್ಕೊಂಡೆ. ನೀನಿಲ್ಲದೆ ಹೋಗಿದ್ರೆ ನಾನೂ ಅಮ್ಮನ ಹಿಂದೆ ಹೋಗಿರ್ತಿದ್ದೆ."

ಅವಳು ಕಣ್ಣು ಬಿಟ್ಟಳು. ಕೈ ಮೇಲೇ ಇತ್ತು. "ಗೊತ್ತು ಅಕ್ಕ. ನೀನು ಅಂದಿದ್ದು ಒಂದೇ ಸಲ. ಉಳಿದದ್ದೆಲ್ಲ ಹಾಡು ಅಂದಿದ್ದು. ನಾನೂ ಅಷ್ಟೇ." ಮೂಗೆಳೆದುಕೊಂಡಳು. "ಬೇಗ ತಗೋ, ಕೈ ನೋಯ್ತಿದೆ."

"ನಲವತ್ತು," ಅಂದೆ. "ಮೊದಲು ಮೂವತ್ತೆರಡು ಇದ್ದೆ." ಹಾಡು ಮುಗಿಯಿತು.

ಆಮೇಲೆ ಊರಿನ ಕಥೆ ಕೇಳಬೇಕು. ಶನಿವಾರ ಮೂರೂ ಹತ್ತು ಅಂದರೆ ಅರ್ಧ ಊರು ಊಟ ಮಾಡಿ ಚಾಪೆ ಮೇಲೆ ಅಡ್ಡಾಗಿರುವ ಹೊತ್ತು. ಹಾಗಾಗಿ ರೀಮಿಕ್ಸ್ ಕೇಳಿದ ಅರ್ಧ ಊರಿನ ಅಭಿಪ್ರಾಯ ಏನೆಂದರೆ, ಹಳೇದರ ಚೈತನ್ಯ ಇದರಲ್ಲಿಲ್ಲ, ಕೇಳಿದರೆ ಮಲಗೋಣ ಅನ್ನಿಸುತ್ತದೆ. ವಿಶಾಲಾಕ್ಷಿ ಟೀಚರ್ ಆಗ ಬಸ್‌ಸ್ಟಾಪಿನಲ್ಲಿ ನಿಂತು ಬಸ್ಸಿಗೆ ಕೈ ತೋರಿಸುತ್ತಿದ್ದರಂತೆ. "ಸದ್ಯ, ಇನ್ನು ಗಾಳಿಗೆ ಕೈ ಆಡಿಸಿಕೊಂಡು ಇದ್ದುಬಿಡ್ತೀನಿ," ಅಂತ ನಿಟ್ಟುಸಿರು ಬಿಟ್ಟರು. ರೀಮಿಕ್ಸ್ ಅಂದರೆ ಉರಿದು ಬೀಳುತ್ತಿದ್ದ ಮುನಿಸ್ವಾಮಿ ಅಂಗಡಿಯ ಬೆಂಚಿನ ಮೇಲೆ ಗೊರಕೆ ಹೊಡೆಯುವುದರಲ್ಲಿದ್ದ. ಈಗ ಅದಕ್ಕಿಂತ ಒಳ್ಳೇ ಹಾಡು ಈ ಭೂಮಿ ಮೇಲೆ ಬಂದಿಲ್ಲ ಅಂತ ವಾದ ಮಾಡುತ್ತಾನೆ. ಫೆಲಿಕ್ಸನನ್ನು ಹೊಡೆಯಲು ಹೋದವರೂ ಇದ್ದರು, ಶಾಲು ಹೊದಿಸಬೇಕು ಅಂದವರೂ ಇದ್ದರು. ಎರಡೂ ಆಗಲಿಲ್ಲ.

ಉಳಿದದ್ದು ಶಂಭುಲಿಂಗಪ್ಪನವರು. ಅವರು ಮೂರೂ ಹತ್ತಕ್ಕೆ ಆರಾಮಕುರ್ಚಿಯಲ್ಲಿ ಒರಗಿಕೊಂಡಿದ್ದರು. "ನನ್ನ ಎಬ್ಬಿಸಿದ ಹಾಡನ್ನ ಇವನು ಮಲಗಿಸೋ ಹಾಡು ಮಾಡಿಟ್ಟಿದ್ದಾನೆ," ಅಂತ ಅವರಿಗೆ ನಿಜಕ್ಕೂ ನೋವಾಗಿತ್ತು. "ಮಗನ ಮದುವೇಲಿ ನಾನು ಒರಗಿಕೊಳ್ಳಲ್ಲ." ಮದುವೆಗೆ ನಾಲ್ಕೇ ದಿನ. ನಾನೇ ಅವರ ಮನೆಗೆ ಹೋದೆ, ಇದ್ದದ್ದು ಇದ್ದ ಹಾಗೆ ಹೇಳಿದೆ, ಆ ಜಗಳದ ಮಾತನ್ನೂ ಮುಚ್ಚಿಡಲಿಲ್ಲ. ಅವರು ಒಳಗೆ ಹೋಗಿ ಮೊಮ್ಮಗಳ ಇಯರ್‌ಫೋನ್ ತಂದು ಮೇಜಿನ ಮೇಲಿಟ್ಟರು. "ನಿಮ್ಮದು ನಿಮಗೆ, ನನ್ನದು ನನಗೆ. ಛತ್ರದಲ್ಲಿ ಹೊಸದು ಹಾಕ್ಲಿ. ನಾನು ಇದರಲ್ಲಿ ಜೋರಾಗಿ ಹಳೇದು ಕೇಳ್ಕೊಳ್ತೀನಿ. ನೀವು ಬನ್ನಿ ತಾಯಿ, ಹುಡುಗಿಗೆ ದೊಡ್ಡಮ್ಮ ಅಂತ ಇರೋದು ನೀವೊಬ್ರೇ."

ಬುಧವಾರ ಛತ್ರದಲ್ಲಿ ಕುರ್ಚಿ ತೆಗೆಸಿ ಜಮಖಾನ ಹಾಸಿದ್ದರು, ಮುಂದಾಲೋಚನೆ. ಹರಿಣಿ ನಾನು ಹೊಲಿದ ರವಿಕೆಯಲ್ಲಿ ಹಸೆಮಣೆ ಮೇಲಿದ್ದಳು, ಕುಸುಮಾ ಹಸಿರು ರೇಷ್ಮೆಯಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಬಟ್ಟೆ ಸಾಲದೆ ತೋಳು ಕೊಂಚ ಗಿಡ್ಡ ಆಗಿತ್ತು, ನನ್ನ ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ. ತಾಳಿ ಕಟ್ಟಿದರು, ಅಕ್ಷತೆ ಬಿತ್ತು, ಫೆಲಿಕ್ಸ್ ಗುಂಡಿ ಒತ್ತಿದ. ತಾಳ ಶುರುವಾದದ್ದೇ ತಡ, ಜರಿ ಸೀರೆಯವರು, ಪಂಚೆಯವರು, ಅರ್ಧ ಛತ್ರ ಮರ್ಯಾದೆಯಾಗಿ ಜಮಖಾನದ ಮೇಲೆ ಮಲಗಿತು. ಟೀಚರ್ ಬಾಗಿಲ ಹತ್ತಿರ ಬಸ್ಸಿಗೆ ಕೈ ತೋರಿಸಿದರು. ಮಲಗಿದವರ ಮಧ್ಯೆ ಶಂಭುಲಿಂಗಪ್ಪನವರು ಇಯರ್‌ಫೋನ್ ಹಾಕಿಕೊಂಡು ಮುಖ ಅರಳಿಸಿ ಎದ್ದು ನಿಂತರು. ಕುಸುಮಾಳ ಎರಡೂ ಕೈ ಮೇಲೆದ್ದವು. ನಾನು ಬಗ್ಗಿ, ಇಲ್ಲದ ಟೇಪು ಹಿಡಿದು ಅವಳನ್ನು ಸುತ್ತಿ ಬಂದೆ.

ಅಷ್ಟು ಜನ ಮಲಗಿದ್ದರಿಂದ ಮಾತು ಕಡೆಯ ಕಂಬದವರೆಗೂ ಕೇಳಿಸಿತು. "ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೇ ಕುಸುಮಾ," ಅಂತ ಶುರುವಾಗಿ ಬೆರಳು ಹಿಡಿದಿದ್ದರವರೆಗೆ ನನ್ನ ನಾಲಿಗೆ ಎಲ್ಲವನ್ನೂ ಹೇಳಿತು. ಅವಳದೂ ಹೇಳಿತು. ಹಸೆಮಣೆ ಮೇಲೆ ಹರಿಣಿ ಅಳುತ್ತಿದ್ದಳು, ಮದುಮಗ ಏನಾಯಿತು ಅಂತ ಗಾಬರಿಯಾಗಿದ್ದ. "ಬೇಗ ತಗೋ, ಕೈ ನೋಯ್ತಿದೆ," ಅಂದಳು ಕುಸುಮಾ. "ನಲವತ್ತು," ಅಂದೆ ನಾನು. ಮೈ ಮಾಡುವುದಕ್ಕೆ ಮನಸ್ಸು ಬೇಕಿಲ್ಲ ಅಂತ ಮೊದಲೇ ಹೇಳಿದ್ದೆ. ಅವತ್ತು ಮನಸ್ಸು ಮೈಗಿಂತ ಮುಂದೆ ಓಡುತ್ತಿತ್ತು.

ಹಾಡು ಮುಗಿಯಿತು. ಮಲಗಿದ್ದವರು ಸೀರೆ ಪಂಚೆ ಸರಿಮಾಡಿಕೊಂಡು ಏಳತೊಡಗಿದರು, ಊಟದ ಎಲೆ ಹಾಕಿದ್ದಾರೆ ಅಂತ ಯಾರೋ ಕೂಗಿದರು. ಕುಸುಮಾ ಕೈ ಇಳಿಸಿದಳು, ಇಳಿಸಿ ನನ್ನ ಹೆಗಲ ಮೇಲಿಟ್ಟಳು. ಅದು ಹಾಡಿನಲ್ಲಿ ಇರಲಿಲ್ಲ.